ಕೋಟೆ ಉಳಿದರೆ ಸಾಲದು, ಅದರ ಬುಡದ ಮಣ್ಣೂ ಉಳಿಯಬೇಕು: ಚಿತ್ರದುರ್ಗದಿಂದ ಒಂದು ಬಹಿರಂಗ ಪತ್ರ

ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ ಮತ್ತು ಜಿಲ್ಲೆಯ ಹಳೆಯ ತಾಣಗಳ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಜನಪ್ರತಿನಿಧಿಗಳಿಗೆ ಮತ್ತು ನನ್ನ ಊರಿನ ಜನರಿಗೆ,

ಮಾನ್ಯರೇ, ನಮಸ್ಕಾರ.

ನಾನು ಇದೇ ಊರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವ ಶಿಕ್ಷಕಿ. ಯಾರ ಮೇಲೋ ದೂರು ಹೇಳಿ ಸುದ್ದಿ ಮಾಡಬೇಕು ಅಂತ ಈ ಪತ್ರ ಬರೆಯುತ್ತಿಲ್ಲ. ಕಣ್ಣೆದುರೇ ಒಂದು ನಷ್ಟ ಆಗುತ್ತಿದೆ. ಅದು ನಷ್ಟ ಅಂತಲೇ ಜಾಸ್ತಿ ಜನಕ್ಕೆ ಗೊತ್ತಾಗುತ್ತಿಲ್ಲ. ಅದನ್ನು ಹೇಳಬೇಕು.

ಈ ಸಲ ಮಳೆಗಾಲಕ್ಕೆ ಮುಂಚೆ, ಕೋಟೆ ಬೆಟ್ಟದ ಬುಡದಲ್ಲಿ ಚಂದ್ರವಳ್ಳಿ ಕಣಿವೆ ಕಡೆಯ ಒಂದು ದಾರಿಯ ಪಕ್ಕ ಜೆಸಿಬಿ ತಂದು ಕಾಲುವೆ ತೋಡಿದ್ದರು. ಪೈಪಿಗೋ, ಕೇಬಲ್ಲಿಗೋ ಇರಬೇಕು. ಸೊಂಟದ ಮಟ್ಟಕ್ಕೆ ಇಳಿದಿತ್ತು. ನಾನು ನಿಂತು ಅದರ ಬದಿ ನೋಡಿದೆ. ಮೇಲೆ ಗೇಣುದ್ದ ಸಡಿಲ ಮಣ್ಣು, ಅದರಲ್ಲಿ ಪ್ಲಾಸ್ಟಿಕ್ ಕವರು, ಬಾಟಲಿ ಮುಚ್ಚಳ. ಅದರ ಕೆಳಗೆ ಹೆಂಚಿನ ಚೂರು, ಗಾರೆಯ ಉಂಡೆಗಳು. ಆಮೇಲೆ ಬೆರಳು ದಪ್ಪದ ಬೂದಿ ಗೆರೆ. ಆ ಗೆರೆಯ ಕೆಳಗೆ ಮಣ್ಣು ಗಟ್ಟಿಯಾಗಿತ್ತು, ಬಣ್ಣವೂ ಬೇರೆ. ಅಲ್ಲಿ ಮಡಕೆ ಚೂರುಗಳು ಹಲ್ಲಿನ ಹಾಗೆ ಹೊರಗೆ ಚಾಚಿಕೊಂಡಿದ್ದವು. ಕೆಲವು ಒಳಗೆ ಕಪ್ಪು, ಹೊರಗೆ ಕೆಂಪು. ಒಂದರ ಮೇಲೆ ಕಾವಿ ಬಣ್ಣದ ಲೇಪ, ಅದರೊಳಗಿಂದ ಕಾಣುವ ತೆಳ್ಳನೆಯ ಬಿಳಿಚು ಗೆರೆಗಳು, ಅಡ್ಡಡ್ಡ ಹೆಣೆದ ಹಾಗೆ. ಇಂಥ ಮಡಕೆಗಳು ನಮ್ಮ ಕಡೆ ಶಾತವಾಹನರ ಕಾಲದ ಸುತ್ತಮುತ್ತ ಬಳಕೆಯಲ್ಲಿದ್ದವು. ಅಂದರೆ ಸುಮಾರು 2000 ವರ್ಷದ ಹಿಂದೆ.

ಸಂಜೆ ಹೊತ್ತಿಗೆ ಕಾಲುವೆ ಮುಚ್ಚಿಹೋಗಿತ್ತು. ಮಿಕ್ಕ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಯಾರದೋ ಸೈಟು ಮಟ್ಟ ಮಾಡಲು ಒಯ್ದರು. ಕೆಲಸದವರನ್ನು ಕೇಳಿದೆ. "ಮೇಡಂ, ಬರೀ ಬೋಕಿ ಚೂರು" ಅಂದರು. ಅವರದು ತಪ್ಪಿಲ್ಲ. ಅದು ಏನು ಅಂತ ಅವರಿಗೆ ಯಾರೂ ಹೇಳಿಲ್ಲ. ಅಗೆಯುವಾಗ ತಿಳಿದವರು ಒಬ್ಬರು ಪಕ್ಕದಲ್ಲಿ ನಿಂತಿರಬೇಕು ಅನ್ನುವುದು ಕೆಲಸ ಕೊಟ್ಟವರಿಗೂ ಹೊಳೆದಂತಿಲ್ಲ.

ಇದು ಯಾಕೆ ದೊಡ್ಡ ವಿಷಯ ಅಂತ ಕೇಳುವವರಿಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಚಿತ್ರದುರ್ಗ ಅಂದ ಕೂಡಲೇ ನಮಗೆಲ್ಲ ಬರುವುದು ಏಳು ಸುತ್ತಿನ ಕಲ್ಲಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ. ಬರಲೇಬೇಕು. 16ನೇ ಶತಮಾನದಲ್ಲಿ ತಿಮ್ಮಣ್ಣ ನಾಯಕರಿಂದ ಶುರುವಾಗಿ 1779ರಲ್ಲಿ ಹೈದರಾಲಿಯ ಕೈಗೆ ಬೀಳುವವರೆಗೆ ಈ ಬೆಟ್ಟವನ್ನು ಆಳಿದ ಪಾಳೆಗಾರರು ಕಟ್ಟಿದ್ದು ಸಣ್ಣ ಕೆಲಸವಲ್ಲ. ಗುಂಡುಗಳ ನಡುವಿನ ಸಂದನ್ನೇ ಬಾಗಿಲು ಮಾಡಿಕೊಂಡರು. ಬಾಗಿಲಿಂದ ಬಾಗಿಲಿಗೆ ದಾರಿ ತಿರುಗಿಸಿ ಆನೆ ಓಡಿ ಬಂದು ಗುದ್ದದ ಹಾಗೆ ನೋಡಿಕೊಂಡರು. ಬಂಡೆ ಸೀಳಲು ಸಾಲಾಗಿ ಕೊರೆದ ಚೌಕದ ಕುಳಿಗಳು ಇವತ್ತಿಗೂ ಹಾಗೇ ಇವೆ. ಕಹಳೆ ಮುದ್ದ ಹನುಮನ ಹೆಂಡತಿ ಓಬವ್ವ ನಿಂತಿದ್ದ ಕಿಂಡಿಯ ಮುಂದೆ ನನ್ನ ತರಗತಿಯ ಹುಡುಗಿಯರು ಮಾತು ನಿಲ್ಲಿಸುತ್ತಾರೆ. ಆ ಕಿಂಡಿ ಎಷ್ಟು ಇಕ್ಕಟ್ಟು ಅಂತ ಕಣ್ಣಾರೆ ಕಂಡಾಗಲೇ ಆಕೆ ಒಬ್ಬಳೇ ಏನು ಮಾಡಿದಳು ಅನ್ನುವುದು ಅರ್ಥವಾಗುತ್ತದೆ.

ಆದರೆ ನಾಯಕರು ಬಂದದ್ದು ಬರಿದಾದ ಬೆಟ್ಟಕ್ಕಲ್ಲ. ಅವರಿಗಿಂತ ಮೊದಲೇ ಇಲ್ಲಿ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳಿದ್ದವು. ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ಊರನ್ನು ಬೆಮ್ಮತ್ತನಕಲ್ಲು ಎಂದು ಕರೆದಿದ್ದಾರೆ. ವಿಜಯನಗರದವರ ಶಾಸನಗಳೂ ಬೆಟ್ಟದ ಮೇಲಿವೆ. ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗಬೇಕಾದರೆ ಬೆಟ್ಟ ಹತ್ತಬಾರದು, ಇಳಿಯಬೇಕು. ಕೋಟೆ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ, ಈ ಮೂರರ ನಡುವಿನ ಕಣಿವೆಗೆ ಬರಬೇಕು. ಅದೇ ಚಂದ್ರವಳ್ಳಿ.

ಚಂದ್ರವಳ್ಳಿ ಅಂದರೆ ನಮ್ಮೂರಿನವರಿಗೆ ಕೆರೆ, ತೋಟ, ಭಾನುವಾರ ಸಂಜೆಯ ತಿರುಗಾಟ, ಟಾರ್ಚು ಹಿಡಿದು ಇಳಿಯುವ ಅಂಕಲಿ ಮಠದ ಗವಿ. ಆದರೆ ಪುರಾತತ್ವ ಓದಿದವರಿಗೆ ಅದು ದಕ್ಷಿಣ ಭಾರತದ ಮುಖ್ಯ ತಾಣಗಳಲ್ಲಿ ಒಂದು. 1909ರಲ್ಲಿ ಮೈಸೂರು ಸಂಸ್ಥಾನದ ಆರ್. ನರಸಿಂಹಾಚಾರ್ಯರು ಇಲ್ಲಿ ಅಗೆದರು. 1920ರ ದಶಕದ ಕೊನೆಗೆ ಎಂ.ಎಚ್. ಕೃಷ್ಣ ಅವರು ಇನ್ನೂ ವಿಸ್ತಾರವಾಗಿ ಅಗೆದು, ಕಂಡದ್ದನ್ನು ಬರೆದಿಟ್ಟರು. 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಆಗ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲೂ ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆತ ಮಾಡಿದರು. ಚಂದ್ರವಳ್ಳಿಯಲ್ಲಿ ಸಿಕ್ಕಿದ್ದು ಶಾತವಾಹನರ ನಾಣ್ಯ, ಸದಕಣ ಕಳಲಾಯ ಅನ್ನುವ ಮಹಾರಠಿಯ, ಅಂದರೆ ಪ್ರಾಂತ್ಯದ ಒಡೆಯನ ಸೀಸದ ನಾಣ್ಯ, ರೋಮಿನ ಬೆಳ್ಳಿ ನಾಣ್ಯ. ಸಮುದ್ರದಿಂದ ಇಷ್ಟು ದೂರದ, ಮಳೆ ಕಡಿಮೆ ಬೀಳುವ ಈ ಕಣಿವೆಯಲ್ಲಿ ರೋಮಿನ ಬೆಳ್ಳಿ!

ನಾಣ್ಯಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಮಡಕೆ ಚೂರು. ಇದನ್ನು ಅಧಿಕಾರಿಗಳಾದ ನೀವು ದಯವಿಟ್ಟು ಗಮನ ಕೊಟ್ಟು ಓದಬೇಕು.

ಚಂದ್ರವಳ್ಳಿ ಅಗೆಯುವುದಕ್ಕೆ ಎರಡು ವರ್ಷ ಮುಂಚೆ, 1945ರಲ್ಲಿ, ವೀಲರ್ ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅಗೆದಿದ್ದರು. ಅಲ್ಲಿ ಇಟಲಿಯಲ್ಲಿ ತಯಾರಾದ ಕೆಂಪು ಪಾತ್ರೆಗಳ ಚೂರು ಸಿಕ್ಕಿತ್ತು. ಇಟಲಿಯಲ್ಲಿ ಅವು ಯಾವ ಕಾಲದವು ಅಂತ ಗೊತ್ತಿತ್ತು. ಅದೇ ಅಗೆತದಲ್ಲಿ ಇನ್ನೊಂದು ಬಗೆಯ ತಟ್ಟೆಯೂ ಸಿಕ್ಕಿತು. ಅದರ ಒಳಗೆ ತಳದಲ್ಲಿ ಸುತ್ತಲೂ ಸಣ್ಣ ಸಣ್ಣ ಗೀರುಗಳ ಸಾಲು ಇರುತ್ತದೆ. ಇಟಲಿಯ ಪಾತ್ರೆ ಜೊತೆ ಸಿಕ್ಕಿದ್ದರಿಂದ ಈ ತಟ್ಟೆಯ ಕಾಲವೂ ಗೊತ್ತಾಯಿತು. ಆಮೇಲೆ ಅದೇ ಬಗೆಯ ತಟ್ಟೆಯ ಚೂರು ಬ್ರಹ್ಮಗಿರಿಯಲ್ಲಿ, ಚಂದ್ರವಳ್ಳಿಯಲ್ಲಿ ಬಂತು. ಯಾವ ಪದರದಲ್ಲಿ ಬಂತು ಅಂತ ನೋಡಿದರು. ಅದರ ಕೆಳಗಿನ ಪದರ ಅದಕ್ಕಿಂತ ಹಳೆಯದು, ಮೇಲಿನದು ಈಚಿನದು. ಹೀಗೆ ಕೈಗೆ ಸಿಕ್ಕ ಒಂದು ಗಂಟಿನಿಂದ ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲದ ಲೆಕ್ಕ ಬಿಚ್ಚಿಕೊಂಡಿತು. ಬ್ರಹ್ಮಗಿರಿಯಲ್ಲಿ ಒಂದರ ಮೇಲೊಂದು ಮೂರು ಜನಜೀವನ ಕಂಡವು. ತಳದಲ್ಲಿ ನುಣ್ಣಗೆ ಉಜ್ಜಿದ ಕಲ್ಲು ಕೊಡಲಿಯ ಜನ. ಅವರು ತೀರಿಕೊಂಡ ಎಳೆಗೂಸುಗಳನ್ನು ಮಡಕೆಯಲ್ಲಿ ಇಟ್ಟು ಮಣ್ಣು ಮಾಡುತ್ತಿದ್ದರು. ಅದರ ಮೇಲೆ ಕಬ್ಬಿಣ ಬಲ್ಲ, ಸತ್ತವರಿಗೆ ದೊಡ್ಡ ಕಲ್ಲುಗಳ ಮನೆ ಕಟ್ಟಿದ ಜನ. ಅದರ ಮೇಲೆ ಶಾತವಾಹನರ ಕಾಲ.

ಇದೆಲ್ಲ ತಿಳಿದದ್ದು ವಸ್ತುವಿನಿಂದ ಮಾತ್ರ ಅಲ್ಲ. ಅದು ಎಲ್ಲಿ, ಯಾವ ಮಣ್ಣಿನಲ್ಲಿ, ಯಾವುದರ ಪಕ್ಕ ಇತ್ತು ಅನ್ನುವುದರಿಂದ. ಜಾಗದಿಂದ ಕಿತ್ತು ಮೇಜಿನ ಮೇಲಿಟ್ಟ ಚೂರು ಚಂದ ಇರಬಹುದು, ಆದರೆ ಅದು ಹೇಳಬೇಕಾದ ಮಾತಿನಲ್ಲಿ ಮುಕ್ಕಾಲು ಪಾಲು ಕಳೆದುಹೋಗಿರುತ್ತದೆ. ಜೆಸಿಬಿ ಹಲ್ಲು ಒಂದು ಸಲ ಪದರಗಳನ್ನು ಕಲೆಸಿತು ಅಂದರೆ ಮತ್ತೆ ಯಾರಿಂದಲೂ ಬೇರ್ಪಡಿಸಲಾಗದು. ಗೋಡೆ ಬಿದ್ದರೆ ಅದೇ ಕಲ್ಲಿಟ್ಟು ಕಟ್ಟಬಹುದು. ಪದರ ಕದಡಿದರೆ ಅಲ್ಲಿಗೆ ಮುಗಿಯಿತು.

"ಆಗಲೇ ಅಗೆದು ನೋಡಿ ಆಗಿದೆಯಲ್ಲ, ಇನ್ನೇನಿದೆ" ಅಂತ ನನಗೆ ಒಬ್ಬರು ಹೇಳಿದರು. 1947ರಲ್ಲಿ ಇದ್ದಿಲಿನ ಚೂರಿನಿಂದ ಕಾಲ ಅಳೆಯುವ ರೇಡಿಯೋ ಕಾರ್ಬನ್ ವಿಧಾನ ಬಳಕೆಗೇ ಬಂದಿರಲಿಲ್ಲ. ಕಲ್ಲು ಕೊಡಲಿಯ ಜನ ಕ್ರಿಸ್ತಪೂರ್ವ ಮೊದಲನೇ ಸಾವಿರ ವರ್ಷದ ಆರಂಭದವರು ಅಂತ ವೀಲರ್ ಅಂದಾಜು ಮಾಡಿದ್ದರು. ಆಮೇಲೆ ಕರ್ನಾಟಕದ ಬೇರೆ ಬೇರೆ ತಾಣಗಳ ಇದ್ದಿಲು ಪರೀಕ್ಷೆ ಮಾಡಿದಾಗ ಆ ಜೀವನಕ್ರಮ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಯಿತು. ಈಗ ಮಣ್ಣಿನಲ್ಲಿ ಉಳಿದ ಸುಟ್ಟ ಕಾಳಿನಿಂದ ಜನ ಏನು ಬೆಳೆಯುತ್ತಿದ್ದರು, ಮೂಳೆಯಿಂದ ಯಾವ ದನಕರು ಸಾಕಿದ್ದರು ಅಂತ ಹೇಳಬಹುದು. ನಾಳೆ ಇನ್ನೂ ಒಳ್ಳೆಯ ವಿಧಾನ ಬಂದೀತು. ಆದರೆ ಅದಕ್ಕೆ ಕದಡದ ಮಣ್ಣು ಬೇಕು. ನನ್ನ ಕಣ್ಣೆದುರು ಟ್ರ್ಯಾಕ್ಟರಿನಲ್ಲಿ ಹೋದದ್ದು ಅಂಥ ಮಣ್ಣು.

ಇನ್ನೊಂದು ಕಡೆ ನೋಡಿದ್ದನ್ನೂ ಹೇಳಿಬಿಡುತ್ತೇನೆ. ಊರಿನಿಂದ ಹೊರಗೆ ಒಂದು ಪಾಳು ಗುಡಿಯಿದೆ. ಜಾಗ ಹೇಳುವುದಿಲ್ಲ, ಹೇಳಿದರೆ ಇನ್ನಷ್ಟು ಜನ ಗುದ್ದಲಿ ಹಿಡಿದು ಹೋಗುತ್ತಾರೆ. ಗರ್ಭಗುಡಿಯ ನೆಲಗಲ್ಲು ಎಬ್ಬಿಸಿ ಆಳುದ್ದ ಗುಂಡಿ ತೋಡಿದ್ದರು. ಪಕ್ಕದಲ್ಲಿ ಅರಿಶಿನ ಕುಂಕುಮ, ಒಡೆದ ನಿಂಬೆಹಣ್ಣು, ಅರ್ಧ ಉರಿದ ಕರ್ಪೂರ. ನಿಧಿ ಆಸೆ. ಬಾಗಿಲುವಾಡದ ಒಂದು ಕಲ್ಲು ಎರಡು ತುಂಡಾಗಿ ಬಿದ್ದಿತ್ತು. ಅಲ್ಲಿ ಅವರಿಗೆ ಏನು ಸಿಕ್ಕಿತೋ ಗೊತ್ತಿಲ್ಲ, ಊರು ಕಳೆದುಕೊಂಡದ್ದಂತೂ ಕಣ್ಣಿಗೆ ಕಾಣುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಮೋರ್ಯರ ಮನೆ, ಪಾಂಡವರ ಮನೆ ಅಂತ ಕರೆಯುವ ಕಲ್ಲುಚಪ್ಪಡಿಯ ಗೋರಿಗಳಿಗೂ ಇದೇ ಗತಿ. ಅದರೊಳಗೆ ಸಾಮಾನ್ಯವಾಗಿ ಇರುವುದು ಮೂಳೆ, ಮಡಕೆ, ತುಕ್ಕು ಹಿಡಿದ ಕಬ್ಬಿಣ. ಚಿನ್ನಕ್ಕೆ ಅಂತ ಒಡೆದವರು ಮೂಳೆಯನ್ನು ಹೊಲಕ್ಕೆ ಎಸೆದು ಹೋಗುತ್ತಾರೆ.

ಕೋಟೆಯ ಮೇಲೂ ದುಃಖ ಪಡುವಂಥದ್ದು ಇದೆ. ಬಂಡೆಗಳ ಮೇಲೆ ಹೆಸರು ಕೆತ್ತುವುದು ನಿಂತಿಲ್ಲ. ಅರಮನೆ ಇದ್ದ ಕಡೆ ಮಣ್ಣಿನ ಗೋಡೆಗಳಿವೆ. ಕಲ್ಲಿನ ಕೋಟೆಯೊಳಗೆ ಜನ ಬದುಕಿದ್ದು, ಮಲಗಿದ್ದು, ಅಡುಗೆ ಮಾಡಿದ್ದು ಇಂಥ ಗೋಡೆಗಳ ನಡುವೆ. ಅವುಗಳ ಮೇಲೆ ಹುಡುಗರು ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಪ್ರತಿ ಸಲ ಹತ್ತಿದಾಗಲೂ ಒಂದು ಹಿಡಿ ಮಣ್ಣು ಉದುರುತ್ತದೆ, ಮಳೆ ಬಂದಾಗ ಒಂದು ಬುಟ್ಟಿ. ಕಾವಲಿನವರು ಕೂಗಿ ಕೂಗಿ ಸುಸ್ತಾಗಿದ್ದಾರೆ. ಇಷ್ಟು ದೊಡ್ಡ ಬೆಟ್ಟಕ್ಕೆ ಅವರೆಷ್ಟು ಜನ ಇದ್ದರೂ ಕಡಿಮೆಯೇ.

ನನಗೆ ಇದೆಲ್ಲ ಬೇರೆ ಬೇರೆ ಸಮಸ್ಯೆ ಅಂತ ಅನ್ನಿಸುವುದಿಲ್ಲ. ಬೇರು ಒಂದೇ. ನಾವು ಕೋಟೆಯನ್ನು ಕಟ್ಟಡ ಅಂತ ನೋಡುತ್ತೇವೆ, ನೆಲ ಅಂತ ನೋಡುವುದಿಲ್ಲ. ಕೋಟೆಗೆ ಟಿಕೆಟ್ಟಿದೆ, ಬಾಗಿಲಿದೆ, ಹೊತ್ತಿಗೆ ಮುಚ್ಚುತ್ತದೆ. ಬಾಗಿಲಿನ ಹೊರಗಿನ ಹೊಲ, ಹಳ್ಳ, ದಿಬ್ಬ ಎಲ್ಲ ಸುಮ್ನೆ ಖಾಲಿ ಜಾಗ ಅಂದುಕೊಂಡಿದ್ದೇವೆ. ನಿಜ ಹೇಳಬೇಕೆಂದರೆ ಕೋಟೆ ಇಲ್ಲಿ ಯಾಕೆ ಬಂತು ಅನ್ನುವ ಪ್ರಶ್ನೆಗೆ ಉತ್ತರ ಇರುವುದೇ ಆ ಹೊರಗಿನ ನೆಲದಲ್ಲಿ.

ಉತ್ತರ ನೀರು. ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಮೂರು ಸಾಲಿನ ಒಂದು ಶಾಸನವಿದೆ. ಭಾಷೆ ಪ್ರಾಕೃತ. ಕದಂಬರ ಮಯೂರಶರ್ಮ ಒಂದು ಕೆರೆ ಮಾಡಿಸಿದ ಅಂತ ಅದು ಹೇಳುತ್ತದೆ. ತ್ರೈಕೂಟ, ಆಭೀರ, ಪಲ್ಲವ, ಪುನ್ನಾಟ ಹೀಗೆ ಆಗಿನ ಹಲವು ರಾಜಮನೆತನ, ನಾಡುಗಳ ಹೆಸರುಗಳೂ ಬರುತ್ತವೆ. ಅಕ್ಷರ ಸವೆದಿರುವುದರಿಂದ ಆ ಭಾಗವನ್ನು ಹೇಗೆ ಓದಬೇಕು ಅಂತ ವಿದ್ವಾಂಸರಲ್ಲಿ ವಾದವಿದೆ. ಕೆರೆಯ ವಿಷಯದಲ್ಲಿ ವಾದವಿಲ್ಲ. ಕನ್ನಡ ನಾಡಿನ ಮೊದಲ ರಾಜಮನೆತನ ಕಟ್ಟಿದವನು, 4ನೇ ಶತಮಾನದಲ್ಲಿ, ಹಲ್ಮಿಡಿ ಶಾಸನಕ್ಕೂ ಮೊದಲು, ಇಲ್ಲಿಗೆ ಬಂದು ಬಂಡೆಯ ಮೇಲೆ ಬರೆಸಿದ್ದು ಕೆರೆಯ ಮಾತು.

ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ನಾಯಕರು ಅದೇ ಮಳೆಯನ್ನು ಬೆಟ್ಟದ ಮೇಲೆ ಹಿಡಿದರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಬಂಡೆಯ ಮೇಲೆ ಬಿದ್ದ ಹನಿ ಸುಮ್ಮನೆ ಹರಿದುಹೋಗಬಾರದು ಅನ್ನುವ ಲೆಕ್ಕ. ಮುತ್ತಿಗೆ ಹಾಕಿದ ಶತ್ರುವಿನ ಎದುರು ತಿಂಗಳುಗಟ್ಟಲೆ ನಿಲ್ಲಲು ಗೋಡೆಯಷ್ಟೇ ಈ ಹೊಂಡಗಳೂ ಬೇಕಿತ್ತು. ಶಾತವಾಹನರ ಕಾಲದ ಊರು, ಮಯೂರಶರ್ಮನ ಕೆರೆ, ಬೆಮ್ಮತ್ತನಕಲ್ಲಿನ ಗುಡಿಗಳು, ನಾಯಕರ ಹೊಂಡಗಳು, ಇವೆಲ್ಲ ಒಂದೇ ಬೆಟ್ಟದ ನೀರು ನಂಬಿ ಬಂದವು. ಹಾಗಿರುವಾಗ ಕೋಟೆಗೆ ಒಂದು ಕಾವಲು, ಕಣಿವೆಗೆ ಇನ್ನೊಂದು ಕಣ್ಣು, ಹೊಂಡಕ್ಕೆ ಮತ್ತೊಬ್ಬರು, ನಡುವಿನ ಹೊಲಕ್ಕೆ ಯಾರೂ ಇಲ್ಲ ಅನ್ನುವ ಹಾಗೆ ಹಂಚಿಕೊಂಡರೆ ಹೇಗೆ?

ಬ್ರಹ್ಮಗಿರಿಯ ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ, ಅದು ನೇರವಾಗಿ ಅಧಿಕಾರಿಗಳಿಗೇ ಸಂಬಂಧಪಟ್ಟದ್ದು. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅಲ್ಲಿ, ಹತ್ತಿರದ ಸಿದ್ದಾಪುರದಲ್ಲಿ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಶಾಸನ ಶುರುವಾಗುವುದು ಒಂದು ಸರ್ಕಾರಿ ಪತ್ರದ ಹಾಗೆ. ಅಶೋಕನ ದಕ್ಷಿಣ ಪ್ರಾಂತ್ಯದ ಮುಖ್ಯ ಊರಾದ ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರು, ಅಂದರೆ ದೊಡ್ಡ ಅಧಿಕಾರಿಗಳು, ಬ್ರಹ್ಮಗಿರಿ ಕಡೆಯ ಇಸಿಲ ಅನ್ನುವ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ರಾಜನ ಮಾತು ಹೇಳುತ್ತಾರೆ. ತಂದೆ ತಾಯಿಯ ಮಾತು ಕೇಳಿ, ಜೀವಿಗಳಿಗೆ ಕರುಣೆ ತೋರಿಸಿ, ನಿಜ ಹೇಳಿ, ಗುರುಗಳನ್ನು ಗೌರವಿಸಿ ಅಂತ. ಬರೆದವನು ಚಪಡ ಅನ್ನುವ ಲಿಪಿಕಾರ. ಇಡೀ ಶಾಸನ ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ಈ ಜಿಲ್ಲೆಯ ಅಧಿಕಾರಿಗಳಿಗೆ ಬಂದ, ನಮಗೆ ಸಿಕ್ಕಿರುವ ಅತಿ ಹಳೆಯ ಪತ್ರ ಇದು. 2200 ವರ್ಷಕ್ಕೂ ಹಳೆಯದು. ಇಂಥ ಪರಂಪರೆಯ ಕುರ್ಚಿಯಲ್ಲಿ ನೀವು ಕೂತಿದ್ದೀರಿ. ನನ್ನ ಪತ್ರವನ್ನೂ ಅಷ್ಟೇ ಗಂಭೀರವಾಗಿ ಓದುತ್ತೀರಿ ಅಂತ ನಂಬಿದ್ದೇನೆ.

ಈಗ ನನ್ನ ಬೇಡಿಕೆಗಳು.

ಎಲ್ಲಕ್ಕಿಂತ ಮೊದಲು, ಅಗೆತ. ಕೋಟೆ ಬೆಟ್ಟದ ಬುಡದಲ್ಲಿ, ಚಂದ್ರವಳ್ಳಿ ಕಣಿವೆಯಲ್ಲಿ ಮತ್ತು ಅಲ್ಲಿಗೆ ಹೋಗುವ ದಾರಿಗಳ ಅಕ್ಕಪಕ್ಕ ಯಾವ ಕಾರಣಕ್ಕೇ ಆಗಲಿ ನೆಲ ಅಗೆಯುವ ಮುಂಚೆ ಪುರಾತತ್ವ ಬಲ್ಲವರು ಬಂದು ನೋಡುವ ವ್ಯವಸ್ಥೆ ಮಾಡಿ. ಕಾನೂನು ಇಲ್ಲ ಅಂತಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಹಳೆಯ ಊರು ಮೀಟರ್ ಲೆಕ್ಕ ನೋಡಿಕೊಂಡು ಹಬ್ಬಿರಲಿಲ್ಲ. 300 ಮೀಟರ್ ದಾಟಿದ ಕೂಡಲೇ ಮಡಕೆ ಚೂರು ನಿಲ್ಲುವುದಿಲ್ಲ. ಆದ್ದರಿಂದ ಕಣಿವೆಯ ಯಾವ ಯಾವ ಭಾಗದಲ್ಲಿ ಹಳೆಯ ಪದರ ಇದೆ ಅಂತ ನಡೆದು ನೋಡಿ ಒಂದು ನಕ್ಷೆ ಮಾಡಿಸಿ. ಆ ನಕ್ಷೆಯ ಒಂದು ಪ್ರತಿ ರಸ್ತೆ, ನೀರು, ಕರೆಂಟು, ಕೇಬಲ್ ಕೆಲಸಕ್ಕೆ ಅನುಮತಿ ಕೊಡುವ ಪ್ರತಿಯೊಂದು ಕಚೇರಿಯ ಮೇಜಿನ ಮೇಲೂ ಇರಲಿ. ಅಭಿವೃದ್ಧಿ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಗೂ ನಲ್ಲಿ ನೀರು ಬೇಕು. ಪೈಪು ಹತ್ತು ಮಾರು ಆಚೆಗೆ ತಿರುಗಿದರೆ ಯಾರಿಗೂ ನಷ್ಟವಿಲ್ಲ. ತಿರುಗಿಸಲು ಆಗದಿದ್ದರೆ ಅಗೆಯುವಾಗ ಒಬ್ಬರು ನಿಂತು ಫೋಟೋ ತೆಗೆದು, ಅಳತೆ ಬರೆದು, ಚೂರುಗಳನ್ನು ಪದರದ ಪ್ರಕಾರ ಚೀಲಕ್ಕೆ ಹಾಕಿಕೊಳ್ಳಲಿ. ಎರಡು ದಿನ ಕೆಲಸ ತಡವಾದೀತು, ಅಷ್ಟೇ ಅಲ್ವಾ?

ಎರಡನೆಯದು, ಹೇಳುವ ರೀತಿ. ಕೋಟೆಗೆ ಬರುವ ಮಕ್ಕಳಿಗೆ ಈ ಬೆಟ್ಟದ ಪದರಗಳನ್ನು ಒಂದೇ ನೋಟಕ್ಕೆ ತೋರಿಸುವ ದೊಡ್ಡ ಚಿತ್ರಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ. ಕೋಟೆ ಬಾಗಿಲ ಹತ್ತಿರವೇ ಅಂಥದ್ದೊಂದು ಹಾಕಿ. ಮೇಲೆ ನಾಯಕರು, ಅವರ ಕೆಳಗೆ ವಿಜಯನಗರ, ಹೊಯ್ಸಳರು, ಕದಂಬರು, ಶಾತವಾಹನರು, ತಳದಲ್ಲಿ ಕಬ್ಬಿಣದ ಜನ, ಕಲ್ಲು ಕೊಡಲಿಯ ಜನ. ಪ್ರತಿ ಪದರದ ಪಕ್ಕ ಅಲ್ಲಿ ಸಿಕ್ಕ ಒಂದು ವಸ್ತುವಿನ ಚಿತ್ರ. ಮೊದಲು ಕನ್ನಡದಲ್ಲಿ, ಸರಳವಾಗಿ. ಚಂದ್ರವಳ್ಳಿಯಲ್ಲಿ ಸಿಕ್ಕ ನಾಣ್ಯ, ಮಡಕೆಗಳ ಒಳ್ಳೆಯ ಪ್ರತಿಕೃತಿಗಳನ್ನು ಮಕ್ಕಳು ಮುಟ್ಟಿ ನೋಡುವ ಹಾಗೆ ಇಟ್ಟರೆ ಇನ್ನೂ ಒಳ್ಳೆಯದು. ಒಳಗೆ ಕಪ್ಪು ಹೊರಗೆ ಕೆಂಪು ಇರುವ ಮಡಕೆ ಹೇಗಾಗುತ್ತದೆ ಅಂತ ನಾನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ಎದ್ದು ನಿಂತು ಕೇಳುತ್ತಾರೆ. ಬೋರಲು ಹಾಕಿ ಸುಡುವಾಗ ಒಳಗೆ ಗಾಳಿ ಆಡುವುದಿಲ್ಲ, ಅದಕ್ಕೇ ಒಳಭಾಗ ಕಪ್ಪು. ಇಷ್ಟು ಹೇಳಿದರೆ ಸಾಕು, ಆ ಚೂರು ಅವರಿಗೆ ಬರೀ ಬೋಕಿ ಆಗಿ ಉಳಿಯುವುದಿಲ್ಲ.

ಕೋಟೆಯ ಗೈಡುಗಳಿಗೆ ಈ ವಿಷಯದಲ್ಲಿ ತರಬೇತಿ ಕೊಡಿ. ಅವರು ಓಬವ್ವನ ಕಥೆಯನ್ನು ಕೇಳುವವರ ಮೈ ಜುಮ್ಮೆನ್ನುವ ಹಾಗೆ ಹೇಳುತ್ತಾರೆ. ಅಷ್ಟೇ ಚೆನ್ನಾಗಿ ಮಯೂರಶರ್ಮನ ಕೆರೆಯ ಕಥೆಯನ್ನೂ ಹೇಳಬಲ್ಲರು, ಹೇಳಿಕೊಡುವವರು ಬೇಕು ಅಷ್ಟೆ. ಕೋಟೆ ನೋಡಿದವರನ್ನು ಚಂದ್ರವಳ್ಳಿಗೂ ಕರೆದುಕೊಂಡು ಹೋದರೆ ಅವರಿಗೂ ನಾಲ್ಕು ಕಾಸು ಸಿಗುತ್ತದೆ.

ಮಣ್ಣಿನ ಗೋಡೆಗಳಿಗೆ ಸುತ್ತ ಬೇಲಿ, ಮಳೆ ನೀರು ಬುಡದಲ್ಲಿ ನಿಲ್ಲದ ಹಾಗೆ ಕಾಲುವೆ, ಇವೆರಡು ತುರ್ತಾಗಿ ಆಗಬೇಕು. ದುರಸ್ತಿ ಮಾಡುವಾಗ ಸಿಮೆಂಟು ಬೇಡ. ಮಣ್ಣಿನ ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಬರಲಾಗದೆ ಗೋಡೆ ಒಳಗಿಂದಲೇ ಸಡಿಲವಾಗುತ್ತದೆ. ಗಾರೆ, ಮಣ್ಣಿನ ಕೆಲಸ ಬಲ್ಲ ಹಳಬರು ಇನ್ನೂ ಹಳ್ಳಿಗಳಲ್ಲಿದ್ದಾರೆ. ಅವರನ್ನು ಕರೆಸಿ ಕೆಲಸ ಕೊಡಿ.

ನಿಧಿಗಳ್ಳರ ವಿಷಯದಲ್ಲಿ ಪೊಲೀಸು ಮತ್ತು ಕಂದಾಯದ ಅಧಿಕಾರಿಗಳಿಗೆ ನನ್ನ ವಿನಂತಿ ಇಷ್ಟು. ಇದನ್ನು ಸಣ್ಣ ಕಳ್ಳತನ ಅಂತ ನೋಡಬೇಡಿ. 1958ರ ಕಾಯ್ದೆ ಪ್ರಕಾರ ಸಂರಕ್ಷಿತ ಸ್ಮಾರಕ ಹಾಳು ಮಾಡಿದವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆ ವಿಷಯ ಹಳ್ಳಿಯ ಪಂಚಾಯಿತಿ ಕಟ್ಟೆಯ ಗೋಡೆ ಮೇಲೆ ಎಲ್ಲರೂ ಓದುವ ಹಾಗೆ ಬರೆದಿರಲಿ. ಪಾಳು ಗುಡಿಗಳನ್ನು, ಕಲ್ಲುಗೋರಿಗಳನ್ನು ಹಳ್ಳಿವಾರು ಫೋಟೋ ಸಮೇತ ದಾಖಲೆ ಮಾಡಿ. ಏನಿತ್ತು ಅಂತಲೇ ದಾಖಲೆ ಇಲ್ಲದಿದ್ದರೆ ಏನು ಹೋಯಿತು ಅಂತ ಯಾರನ್ನು ಕೇಳುವುದು?

ಕೊನೆಗೆ ನನ್ನ ಊರಿನ ಜನರಿಗೆ, ರೈತರಿಗೆ, ನನ್ನಂಥ ಮೇಷ್ಟ್ರು ಮೇಡಮ್ಮುಗಳಿಗೆ ಒಂದು ಮಾತು. ಎಲ್ಲವನ್ನೂ ಸರ್ಕಾರವೇ ಮಾಡಲಿ ಅಂತ ಕೂತರೆ ಆಗುವುದಿಲ್ಲ. ಪಾಯ ತೋಡುವಾಗ, ಹೊಲ ಉಳುವಾಗ ಏನಾದರೂ ಸಿಕ್ಕಿದರೆ ಅಲ್ಲೇ ಬಿಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದು ತಾಲ್ಲೂಕು ಕಚೇರಿಗೋ ಮ್ಯೂಸಿಯಮ್ಮಿಗೋ ತಿಳಿಸಿ. ತಿಳಿಸಿದರೆ ಜಮೀನೇ ಹೋಗಿಬಿಡುತ್ತದೆ ಅನ್ನುವ ಹೆದರಿಕೆ ಹಳ್ಳಿಗಳಲ್ಲಿ ಬಹಳ ಇದೆ. ಅಧಿಕಾರಿಗಳೇ, ಈ ಹೆದರಿಕೆ ಹೋಗಿಸುವ ಕೆಲಸ ನಿಮ್ಮದು. ಒಂದು ನಾಣ್ಯ ತಂದುಕೊಟ್ಟ ರೈತನನ್ನು ಕಚೇರಿಗೆ ಅಲೆಸಬೇಡಿ, ಕಳ್ಳನ ಹಾಗೆ ಪ್ರಶ್ನೆ ಮಾಡಬೇಡಿ. ಎಲ್ಲರೆದುರು ಒಂದು ಶಾಲು ಹೊದಿಸಿ, ವಸ್ತುವಿನ ಪಕ್ಕ ಅವನ ಹೆಸರು ಬರೆಸಿ. ಮುಂದಿನ ಸಲ ಪಕ್ಕದ ಹೊಲದವನು ತಾನೇ ಬರುತ್ತಾನೆ. ಶಾಸನದ ಕಲ್ಲಿಗೆ ಸುಣ್ಣ, ಎಣ್ಣೆ, ಬಣ್ಣ ಬಳಿಯುವುದನ್ನು ನಿಲ್ಲಿಸೋಣ. ಭಕ್ತಿಯಿಂದ ಮಾಡಿದರೂ ಅಕ್ಷರ ಮುಚ್ಚಿಹೋಗುತ್ತದೆ. ಶಾಲಾ ಪ್ರವಾಸಕ್ಕೆ ದೂರದ ಊರುಗಳಿಗೆ ಬಸ್ಸು ಮಾಡಿಕೊಂಡು ಹೋಗುವ ನಾವು ನಮ್ಮ ಮಕ್ಕಳನ್ನು ವರ್ಷಕ್ಕೆ ಒಂದು ದಿನ ಚಂದ್ರವಳ್ಳಿಗೆ, ಒಂದು ದಿನ ಬ್ರಹ್ಮಗಿರಿಗೆ ಕರೆದೊಯ್ಯೋಣ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ನಮ್ಮ ವಿಷಯದಲ್ಲಿ ನಿಜವಾಗುವುದು ಬೇಡ.

ಮಾನ್ಯರೇ, ನಾನು ಕೇಳಿದ್ದರಲ್ಲಿ ಕೋಟಿಗಟ್ಟಲೆ ದುಡ್ಡು ಬೇಡುವಂಥದ್ದು ಕಡಿಮೆ. ನಕ್ಷೆ, ಒಂದು ಆದೇಶ, ಒಂದು ಫಲಕ, ಬೇಲಿ, ಕೆಲವು ದಿನಗಳ ತರಬೇತಿ. ಮುಂದಿನ ಮಳೆಗಾಲಕ್ಕೆ ಮುಂಚೆ ಕನಿಷ್ಠ ಅಗೆತದ ಆದೇಶವಾದರೂ ಹೊರಡಲಿ, ಯಾಕೆಂದರೆ ರಸ್ತೆ ಬದಿ ಕೆಲಸಗಳೆಲ್ಲ ನಡೆಯುವುದು ಬೇಸಗೆಯಲ್ಲಿ. ಹೊರಟರೆ ಅದರ ಪ್ರತಿಯನ್ನು ಶಾಲೆಗಳಿಗೂ ಕಳಿಸಿಕೊಡಿ. ಕಣಿವೆಯಲ್ಲಿ ನಡೆದು ನಕ್ಷೆ ಮಾಡುವ ಕೆಲಸಕ್ಕೆ ಕೈ ಬೇಕಿದ್ದರೆ ನಾನು, ನನ್ನ ಒಂಬತ್ತನೇ ತರಗತಿಯ ಮಕ್ಕಳು, ಅವರ ತಂದೆ ತಾಯಿ ಒಪ್ಪಿದರೆ, ಯಾವ ಭಾನುವಾರ ಕರೆದರೂ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸಮಾಜ ವಿಜ್ಞಾನ ಶಿಕ್ಷಕಿ,
ಚಿತ್ರದುರ್ಗ